ಅಪ್‌ಗ್ರೇಡ್ ಆದ್ಮೇಲೆ ಲಾಗಿನ್ ಸ್ಕ್ರೀನ್‌ನಲ್ಲಿ ನಿಮ್ಮ ಡೆಸ್ಕ್‌ಟಾಪ್ ಕಾಣಿಸ್ತಿಲ್ವಾ? ಏನನ್ನೂ ಅಳಿಸಬೇಡಿ

ಲಿನಕ್ಸ್ ಅಪ್‌ಗ್ರೇಡ್ ಮುಗಿದಿದೆ. ಲಾಗಿನ್ ಸ್ಕ್ರೀನ್ ಬಂದಿದೆ. ಆದರೆ ನೀವು ದಿನಾ ಬಳಸುವ ಡೆಸ್ಕ್‌ಟಾಪ್‌ನ ಹೆಸರು ಸೆಷನ್ ಪಟ್ಟಿಯಲ್ಲಿ, ಅಂದರೆ ಯಾವ ಡೆಸ್ಕ್‌ಟಾಪ್ ತೆರೆಯಬೇಕು ಅಂತ ಆರಿಸುವ ಪಟ್ಟಿಯಲ್ಲಿ, ಇಲ್ಲ. ಈ ಸ್ಥಿತಿಯಲ್ಲಿ ಇದನ್ನು ಓದುತ್ತಿದ್ದರೆ, ದಯವಿಟ್ಟು ನಿಮ್ಮ ಸ್ವಂತ ಫೈಲ್‌ಗಳಿರುವ ಹೋಮ್ ಫೋಲ್ಡರ್‌ನಲ್ಲಿ ಏನನ್ನೂ ಅಳಿಸಬೇಡಿ. ಸಿಸ್ಟಮ್ ಮತ್ತೆ ಇನ್‌ಸ್ಟಾಲ್ ಮಾಡಲೂ ಹೋಗಬೇಡಿ. ನಾನು ಅಳಿಸಿದೆ. ಅಪ್‌ಗ್ರೇಡ್ ನನ್ನ ಒಂದೇ ಒಂದು ಫೈಲನ್ನೂ ಮುಟ್ಟಿರಲಿಲ್ಲ. ಕಳೆದುಹೋದದ್ದೆಲ್ಲ ಆಮೇಲೆ ಗಾಬರಿಯಲ್ಲಿ ನಾನೇ ಟೈಪ್ ಮಾಡಿದ ಒಂದು ಸಾಲಿನಿಂದ.

ನನ್ನ ಲಾಗಿನ್ ಸ್ಕ್ರೀನ್‌ನ ಮೂಲೆಯ ಪಟ್ಟಿಯಲ್ಲಿ ಮೊದಲು ಮೂರು ಹೆಸರಿದ್ದವು. ಪ್ಲಾಸ್ಮಾ ಎಕ್ಸ್11, ಪ್ಲಾಸ್ಮಾ ವೇಲ್ಯಾಂಡ್, ಎಕ್ಸ್‌ಎಫ್‌ಸಿಇ. ಪ್ಲಾಸ್ಮಾ ಮತ್ತು ಎಕ್ಸ್‌ಎಫ್‌ಸಿಇ ಬೇರೆ ಬೇರೆ ಡೆಸ್ಕ್‌ಟಾಪ್‌ಗಳು. ಎಕ್ಸ್11, ವೇಲ್ಯಾಂಡ್ ಅಂದರೆ ಪರದೆಯ ಮೇಲೆ ಅವನ್ನು ಮೂಡಿಸುವ ಹಳೆಯ ಮತ್ತು ಹೊಸ ವ್ಯವಸ್ಥೆಗಳು. ನನ್ನ ಕೆಲಸವೆಲ್ಲ ಪ್ಲಾಸ್ಮಾ ಎಕ್ಸ್11ರಲ್ಲಿ. ವೇಲ್ಯಾಂಡ್ ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಯಾವತ್ತೂ ಸರಿಹೋಗಿರಲಿಲ್ಲ, ಹಾಗಾಗಿ ಅದರ ಕಡೆ ತಲೆ ಹಾಕುತ್ತಿರಲಿಲ್ಲ. ಎಕ್ಸ್‌ಎಫ್‌ಸಿಇಯನ್ನು ಕಷ್ಟಕಾಲಕ್ಕೆ ಇರಲಿ ಅಂತ ಇಟ್ಟುಕೊಂಡಿದ್ದೆ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತೆ ಅನ್ನುವ ಧೈರ್ಯ.

ಅಪ್‌ಗ್ರೇಡ್ ಶುರು ಮಾಡಿದ್ದು ತಡರಾತ್ರಿ, ಅದೂ ನಿದ್ದೆಗಣ್ಣಲ್ಲಿ. ಪ್ಲಾಸ್ಮಾ 5ರಿಂದ 6ಕ್ಕೆ ಹೋಗುವ ದೊಡ್ಡ ಅಪ್‌ಗ್ರೇಡ್ ಅದು. ಹೊರಗಿನ ರೆಪೊಸಿಟರಿಗಳನ್ನು (ಪ್ರೋಗ್ರಾಂಗಳ ಪ್ಯಾಕೇಜುಗಳು ಸಿಗುವ ಸಂಗ್ರಹಗಳನ್ನು) ಸದ್ಯಕ್ಕೆ ನಿಲ್ಲಿಸಲಾಗಿದೆ ಅಂತ ಒಂದು ಸಂದೇಶ ಬಂತು. ಇನ್ನು ಬೇಡದ ಪ್ಯಾಕೇಜುಗಳನ್ನು ತೆಗೆಯಲೇ ಅಂತ ಒಂದು ಪ್ರಶ್ನೆ ಬಂತು. ಅದರ ಮೇಲೆ ಪರದೆ ತುಂಬಾ ಹೆಸರುಗಳ ಉದ್ದ ಪಟ್ಟಿ. ನಾನು ಓದಲಿಲ್ಲ. ವೈ ಒತ್ತಿ ಎಂಟರ್ ಒತ್ತಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಪಟ್ಟಿಯಲ್ಲಿ ಒಂದೇ ಹೆಸರು. ಬರೀ ಪ್ಲಾಸ್ಮಾ ವೇಲ್ಯಾಂಡ್. ಅದನ್ನೇ ಆರಿಸಿ ಪಾಸ್‌ವರ್ಡ್ ಹಾಕಿದೆ. ಪರದೆ ಕಪ್ಪಾಯಿತು. ಮಧ್ಯದಲ್ಲಿ ಮೌಸ್ ಬಾಣ ಮಾತ್ರ ಓಡಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಲಾಗಿನ್ ಸ್ಕ್ರೀನ್. ನಾಲ್ಕು ಸಲ ಮಾಡಿದರೂ ಅದೇ. ಅವತ್ತೇ ಒಂದು ಕೆಲಸ ಮುಗಿಸಿ ಕಳಿಸಬೇಕಿತ್ತು. ಎದೆ ಹೊಡೆದುಕೊಳ್ಳಲು ಶುರುವಾಯಿತು.

ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವ ಒಬ್ಬರು ಫೋನಲ್ಲಿ ಹೇಳಿದರು: ಹಳೆಯ ಸೆಟ್ಟಿಂಗ್ ಹೊಸ ಪ್ಲಾಸ್ಮಾಗೆ ಹೊಂದುತ್ತಿಲ್ಲ, ಹೋಮ್‌ನಲ್ಲಿರುವ ಡಾಟ್ ಕಾನ್ಫಿಗ್ ಫೋಲ್ಡರ್ ತೆಗೆದುಬಿಡು, ಎಲ್ಲಾ ಹೊಸದಾಗಿ ಬರುತ್ತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನೂ ಹಿಂದೆ ಮುಂದೆ ನೋಡಲಿಲ್ಲ. ಕಪ್ಪು ಪರದೆಯ ಟರ್ಮಿನಲ್‌ಗೆ ಹೋಗಿ ಆರ್‌ಎಂ ಕಮಾಂಡ್ ಕೊಟ್ಟು ಫೋಲ್ಡರನ್ನು ಅಳಿಸಿದೆ. ಟರ್ಮಿನಲ್‌ನಲ್ಲಿ ಹಾಗೆ ಅಳಿಸಿದ್ದು ಕಸದಬುಟ್ಟಿಗೆ ಹೋಗುವುದಿಲ್ಲ. ಹೋದದ್ದು ಹೋಯಿತು.

ನಾನು ನೋಟ್ಸ್ ಬರೆಯುವ ಆ್ಯಪ್ ತನ್ನ ಡೇಟಾವನ್ನೆಲ್ಲ ಅದೇ ಫೋಲ್ಡರ್‌ನಲ್ಲಿ ಇಡುತ್ತಿತ್ತು. ಎಲೆಕ್ಟ್ರಾನ್ ಅನ್ನುವ ಸಾಧನ ಬಳಸಿ ಕಟ್ಟಿದ ಎಷ್ಟೋ ಆ್ಯಪ್‌ಗಳು ಹೀಗೇ ಮಾಡುತ್ತವೆ. ಕ್ರೋಮಿಯಂ ಬ್ರೌಸರ್‌ನ ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್ ಇರುವುದೂ ಅಲ್ಲೇ. ಹೆಸರು ಕಾನ್ಫಿಗ್ ಅಂತ ಇದೆ ಅಷ್ಟೇ, ಒಳಗಿರುವುದು ಬರೀ ಸೆಟ್ಟಿಂಗ್ ಅಲ್ಲ. ಮೂರು ವರ್ಷದ ಟಿಪ್ಪಣಿಗಳು ಹೋದವು. ಓದಿದ ಪುಸ್ತಕಗಳ ಬಗ್ಗೆ ಬರೆದದ್ದು, ಕೆಲಸದ ಲೆಕ್ಕ, ಅರ್ಧಕ್ಕೆ ನಿಂತ ಬರಹಗಳು. ಬ್ಯಾಕಪ್ ಇತ್ತು, ಆದರೆ ಡಾಕ್ಯುಮೆಂಟ್ಸ್ ಮತ್ತು ಪಿಕ್ಚರ್ಸ್ ಫೋಲ್ಡರ್‌ಗಳದ್ದು ಮಾತ್ರ. ಚುಕ್ಕಿಯಿಂದ ಶುರುವಾಗುವ ಫೋಲ್ಡರ್ ಫೈಲ್ ಮ್ಯಾನೇಜರ್‌ನಲ್ಲಿ ಕಾಣಿಸುವುದಿಲ್ಲ ಅಲ್ವಾ, ಬ್ಯಾಕಪ್ ಪಟ್ಟಿಗೂ ಅದು ಸೇರಿರಲಿಲ್ಲ.

ಮತ್ತೆ ಲಾಗಿನ್ ಸ್ಕ್ರೀನ್‌ಗೆ ಬಂದೆ. ಪಟ್ಟಿಯಲ್ಲಿ ಆಗಲೂ ಅದೇ ಒಂದು ಹೆಸರು.

ಅಲ್ಲೇ ನನಗೆ ಹೊಳೆಯಬೇಕಿತ್ತು. ನೀವು ಯಾರು ಅಂತ ಕಂಪ್ಯೂಟರ್‌ಗೆ ಗೊತ್ತಾಗುವ ಮೊದಲೇ ಆ ಪಟ್ಟಿ ತಯಾರಾಗಿರುತ್ತದೆ. ನೀವಿನ್ನೂ ಬಾಗಿಲ ಹೊರಗೇ ನಿಂತಿದ್ದೀರಿ. ಪಟ್ಟಿ ಮಾಡುವಾಗ ಅದು ನಿಮ್ಮ ಹೋಮ್ ಫೋಲ್ಡರ್ ಕಡೆ ನೋಡುವುದೇ ಇಲ್ಲ. ಅಂದಮೇಲೆ ಪಟ್ಟಿಯಿಂದ ಒಂದು ಹೆಸರು ಮಾಯವಾದರೆ ಅದಕ್ಕೆ ಹೋಮ್‌ನಲ್ಲಿರುವ ಯಾವ ಫೈಲೂ ಕಾರಣ ಆಗಲು ಸಾಧ್ಯವಿಲ್ಲ. ಈ ಒಂದು ಮಾತು ಆ ಬೆಳಿಗ್ಗೆ ನನಗೆ ಯಾರಾದರೂ ಹೇಳಿದ್ದರೆ ಟಿಪ್ಪಣಿಗಳು ಇವತ್ತಿಗೂ ಇರುತ್ತಿದ್ದವು.

ಹಾಗಾದರೆ ಪಟ್ಟಿ ಎಲ್ಲಿಂದ ಬರುತ್ತದೆ? ಲಾಗಿನ್ ಸ್ಕ್ರೀನ್ ತೋರಿಸುವ ಪ್ರೋಗ್ರಾಂಗೆ ಡಿಸ್ಪ್ಲೇ ಮ್ಯಾನೇಜರ್ ಅಂತಾರೆ. ಪ್ಲಾಸ್ಮಾ ಜೊತೆ ಸಾಮಾನ್ಯವಾಗಿ ಎಸ್‌ಡಿಡಿಎಂ, ಗ್ನೋಮ್ ಅನ್ನುವ ಡೆಸ್ಕ್‌ಟಾಪ್ ಜೊತೆ ಜಿಡಿಎಂ, ಎಕ್ಸ್‌ಎಫ್‌ಸಿಇ ಜೊತೆ ಹೆಚ್ಚಾಗಿ ಲೈಟ್‌ಡಿಎಂ. ಯಾವುದೇ ಇರಲಿ, ಅದು ಮುಖ್ಯವಾಗಿ ನೋಡುವುದು ಎರಡು ಫೋಲ್ಡರ್. ಒಂದು /ಯುಎಸ್‌ಆರ್/ಶೇರ್/ಎಕ್ಸ್‌ಸೆಷನ್ಸ್. ಇನ್ನೊಂದು /ಯುಎಸ್‌ಆರ್/ಶೇರ್/ವೇಲ್ಯಾಂಡ್-ಸೆಷನ್ಸ್. ಇವುಗಳಲ್ಲಿ ಪ್ರತಿ ಸೆಷನ್‌ಗೂ ಒಂದು ಪುಟ್ಟ ಪಠ್ಯ ಫೈಲ್ ಇರುತ್ತದೆ, ಹೆಸರಿನ ಕೊನೆಗೆ ಡಾಟ್ ಡೆಸ್ಕ್‌ಟಾಪ್. ತೆರೆದು ನೋಡಿದರೆ ಕೆಲವೇ ಸಾಲು. ನೇಮ್ ಅನ್ನುವ ಸಾಲಿನಲ್ಲಿ ಪಟ್ಟಿಯಲ್ಲಿ ತೋರಿಸಬೇಕಾದ ಹೆಸರು, ಎಕ್ಸೆಕ್ ಅನ್ನುವ ಸಾಲಿನಲ್ಲಿ ಶುರು ಮಾಡಬೇಕಾದ ಪ್ರೋಗ್ರಾಂ.

ಆ ದಿನ ಮಧ್ಯಾಹ್ನ, ಗಾಬರಿ ಇಳಿದ ಮೇಲೆ, ಎಲ್‌ಎಸ್ ಕಮಾಂಡ್ ಕೊಟ್ಟು ಎರಡನ್ನೂ ನೋಡಿದೆ. ಎಕ್ಸ್‌ಸೆಷನ್ಸ್ ಪೂರ್ತಿ ಖಾಲಿ. ವೇಲ್ಯಾಂಡ್-ಸೆಷನ್ಸ್ ಒಳಗೆ ಪ್ಲಾಸ್ಮಾ ಡಾಟ್ ಡೆಸ್ಕ್‌ಟಾಪ್ ಅನ್ನುವ ಒಂದೇ ಫೈಲ್. ಒಂದು ಸೆಕೆಂಡಿನ ಕೆಲಸ. ಇಡೀ ರೋಗ ಅಲ್ಲೇ ಕಾಣುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡಬೇಕಿದ್ದದ್ದು ಇದೊಂದೇ.

ಕಾಣೆಯಾದ ಎರಡಕ್ಕೂ ಬೇರೆ ಬೇರೆ ಕಾರಣ. ಪ್ಲಾಸ್ಮಾ ಎಕ್ಸ್11 ಹೋಗಿದ್ದು ಯಾಕಂದ್ರೆ, ಹೊಸ ಆವೃತ್ತಿಯಲ್ಲಿ ಅದನ್ನು ಬೇರೆ ಪ್ಯಾಕೇಜ್ ಮಾಡಿದ್ದರು, ಅಪ್‌ಗ್ರೇಡ್ ಅದನ್ನು ತಾನಾಗಿ ಹಾಕಲಿಲ್ಲ. ಇದು ನನ್ನೊಬ್ಬನ ಕಥೆ ಅಲ್ಲ. 2024ರ ಏಪ್ರಿಲ್‌ನಲ್ಲಿ ಬಂದ ಫೆಡೋರಾ 40 ಅನ್ನುವ ಲಿನಕ್ಸ್‌ನಲ್ಲಿ ಪ್ಲಾಸ್ಮಾ ಜೊತೆ ವೇಲ್ಯಾಂಡ್ ಸೆಷನ್ ಮಾತ್ರ ಬರುತ್ತದೆ. ಎಕ್ಸ್11 ಬೇಕಿದ್ದವರು ಪ್ಲಾಸ್ಮಾ-ವರ್ಕ್‌ಸ್ಪೇಸ್-ಎಕ್ಸ್11 ಪ್ಯಾಕೇಜನ್ನು ತಾವೇ ಹಾಕಿಕೊಳ್ಳಬೇಕು. 2025ರ ಜೂನ್‌ನಲ್ಲಿ ಪ್ಲಾಸ್ಮಾ 6.4 ಬಂದಾಗ ಆರ್ಚ್ ಅನ್ನುವ ಲಿನಕ್ಸ್‌ನ ತಂಡ ಮೊದಲೇ ಪ್ರಕಟಣೆ ಕೊಟ್ಟಿತ್ತು: ಎಕ್ಸ್11 ಬಳಸುವವರು ಪ್ಲಾಸ್ಮಾ-ಎಕ್ಸ್11-ಸೆಷನ್ ಹಾಕಿಕೊಳ್ಳದಿದ್ದರೆ ಅಪ್‌ಗ್ರೇಡ್ ಆದಮೇಲೆ ಲಾಗಿನ್ ಆಗಲು ಆಗುವುದಿಲ್ಲ ಅಂತ. ಓದಿದವರು ಬಚಾವಾದರು. ಗ್ನೋಮ್ ಬಳಸುವವರಿಗೂ ಇದೇ ಕಥೆ. 2025ರ ಸೆಪ್ಟೆಂಬರ್‌ನ ಗ್ನೋಮ್ 49ರಲ್ಲಿ ಎಕ್ಸ್11 ಸೆಷನ್ ಮೊದಲಿನಿಂದಲೇ ಆಫ್ ಆಗಿ ಬರುತ್ತದೆ. ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್11 ಸೆಷನ್ ಇಲ್ಲವೇ ಇಲ್ಲ. ಪ್ಲಾಸ್ಮಾ ತಯಾರಿಸುವ ಕೆಡಿಇ ತಂಡವೂ ಪ್ಲಾಸ್ಮಾ 6.8ರಿಂದ ಎಕ್ಸ್11 ಸೆಷನ್ ಇರುವುದಿಲ್ಲ ಅಂತ 2025ರ ನವೆಂಬರ್‌ನಲ್ಲಿ ಹೇಳಿದೆ. ಹಾಗಾಗಿ ಎಕ್ಸ್11 ನೆಚ್ಚಿಕೊಂಡವರು ಈಗ ಪ್ರತಿ ಅಪ್‌ಗ್ರೇಡ್‌ಗೂ ಮೊದಲು ಜಾಸ್ತಿ ಹುಷಾರಾಗಿರಬೇಕು.

ಎಕ್ಸ್‌ಎಫ್‌ಸಿಇ ಹೋಗಿದ್ದು ಮಾತ್ರ ನನ್ನ ವೈ ಒತ್ತಿನಿಂದ. ಅದನ್ನು ಹಿಂದೆ ಯಾವಾಗಲೋ ಹೊರಗಿನ ರೆಪೊಸಿಟರಿಯಿಂದ ಹಾಕಿದ್ದೆ. ರೆಪೊಸಿಟರಿ ನಿಂತ ಕೂಡಲೇ ಆ ಪ್ಯಾಕೇಜುಗಳೆಲ್ಲ ಬೇಡದವು ಅನ್ನುವ ಲೆಕ್ಕಕ್ಕೆ ಬಂದವು. ಪ್ಯಾಕೇಜ್ ಮ್ಯಾನೇಜರ್‌ನ ಲಾಗ್ ತೆಗೆದು ನೋಡಿದರೆ ಆ ರಾತ್ರಿಯ ಪಟ್ಟಿಯಲ್ಲಿ ಎಕ್ಸ್‌ಎಫ್‌ಸಿಇ4-ಸೆಷನ್ ಅಂತ ಸ್ಪಷ್ಟವಾಗಿ ಇತ್ತು. ಕಷ್ಟಕಾಲಕ್ಕೆ ಅಂತ ಇಟ್ಟುಕೊಂಡದ್ದನ್ನು ತೆಗೆಯಲು ನಾನೇ ಒಪ್ಪಿಗೆ ಕೊಟ್ಟಿದ್ದೆ.

ಇನ್ನೊಂದು ತಪ್ಪು ದಾರಿ ಹಿಡಿದದ್ದನ್ನೂ ಹೇಳಿಬಿಡುತ್ತೇನೆ. ಫೈಲ್ ಇಲ್ಲ ತಾನೇ, ಇನ್ನೊಂದು ಕಂಪ್ಯೂಟರ್‌ನಿಂದ ಪ್ಲಾಸ್ಮಾ ಎಕ್ಸ್11ನ ಡಾಟ್ ಡೆಸ್ಕ್‌ಟಾಪ್ ಫೈಲ್ ತಂದು ಹಾಕೋಣ ಅಂತ ಹೊರಟೆ. ಹಾಕಿ ರೀಸ್ಟಾರ್ಟ್ ಮಾಡಿದೆ. ಪಟ್ಟಿಯಲ್ಲಿ ಹೆಸರು ಬರಲೇ ಇಲ್ಲ. ಕಾರಣ ಆ ಫೈಲಿನೊಳಗಿನ ಟ್ರೈಎಕ್ಸೆಕ್ ಅನ್ನುವ ಸಾಲು. ಅಲ್ಲಿ ಹೇಳಿರುವ ಪ್ರೋಗ್ರಾಂ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಡಿಸ್ಪ್ಲೇ ಮ್ಯಾನೇಜರ್ ಆ ಸೆಷನ್ನನ್ನು ತೋರಿಸುವುದೇ ಇಲ್ಲ. ಆ ಸಾಲನ್ನು ತೆಗೆದರೆ ಹೆಸರು ಬರಬಹುದು, ಆದರೆ ಶುರು ಮಾಡಲು ಹಿಂದೆ ಏನೂ ಇರುವುದಿಲ್ಲ. ಸುಮ್ನೆ ಟೈಮ್ ವೇಸ್ಟ್. ಪ್ಯಾಕೇಜನ್ನೇ ಹಾಕಬೇಕು.

ಸರಿಮಾಡಿದ್ದು ಹೀಗೆ. ಲಾಗಿನ್ ಸ್ಕ್ರೀನ್‌ನಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಪಠ್ಯದ ಟರ್ಮಿನಲ್ ಬರುತ್ತದೆ. ಅಲ್ಲಿ ನಿಮ್ಮ ಯೂಸರ್ ಹೆಸರು, ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿ ಕೂಡ ಕಾಣಿಸುವುದಿಲ್ಲ, ಹೆದರಬೇಡಿ. ಇಲ್ಲಿ ನನಗೆ ವೈಫೈ ಸಿಗಲಿಲ್ಲ. ಅದರ ಪಾಸ್‌ವರ್ಡ್ ಕೆಡಿಇಯ ವಾಲೆಟ್‌ನಲ್ಲಿತ್ತು, ಡೆಸ್ಕ್‌ಟಾಪ್ ತೆರೆಯದೆ ಅದು ಕೈಗೆ ಸಿಗದು. ಎನ್‌ಎಂಟಿಯುಐ ಅಂತ ಒಂದು ಚಿಕ್ಕ ಪ್ರೋಗ್ರಾಂ ಇದೆ, ನೆಟ್‌ವರ್ಕ್‌ಮ್ಯಾನೇಜರ್ ಇರುವ ಕಡೆ ಸಾಮಾನ್ಯವಾಗಿ ಸಿಗುತ್ತದೆ. ಮೌಸ್ ಇಲ್ಲದೆ ಬಾಣದ ಕೀಗಳಲ್ಲೇ ವೈಫೈ ಆರಿಸಿ ಪಾಸ್‌ವರ್ಡ್ ಕೊಡಬಹುದು. ನೆಟ್ ಬಂದ ಮೇಲೆ ಮೊದಲು ಅರ್ಧಕ್ಕೆ ನಿಂತ ಪ್ಯಾಕೇಜ್ ಏನಾದರೂ ಇದೆಯಾ ನೋಡಿದೆ, ಇರಲಿಲ್ಲ. ಆಮೇಲೆ ಎಕ್ಸ್11 ಸೆಷನ್‌ನ ಪ್ಯಾಕೇಜ್ ಹಾಕಿದೆ, ಎಕ್ಸ್‌ಎಫ್‌ಸಿಇಯನ್ನು ಈ ಸಲ ನನ್ನ ಲಿನಕ್ಸ್‌ನ ಸ್ವಂತ ರೆಪೊಸಿಟರಿಯಿಂದಲೇ ಹಾಕಿದೆ. ಮತ್ತೆ ಎಲ್‌ಎಸ್ ಕೊಟ್ಟೆ. ಎಕ್ಸ್‌ಸೆಷನ್ಸ್ ಒಳಗೆ ಎರಡು ಫೈಲ್ ಬಂದು ಕೂತಿದ್ದವು. ರೀಸ್ಟಾರ್ಟ್ ಮಾಡಿದಾಗ ಮೂರೂ ಹೆಸರು ವಾಪಸ್. ಒಟ್ಟು ಇಪ್ಪತ್ತು ನಿಮಿಷ ಹಿಡಿದಿರಬಹುದು. ಒಳಗೆ ಹೋದರೆ ಡೆಸ್ಕ್‌ಟಾಪ್ ಹೊಸ ಕಂಪ್ಯೂಟರ್‌ನ ಹಾಗೆ ಖಾಲಿ. ನೋಟ್ಸ್ ಆ್ಯಪ್ ತೆರೆದೆ. ಮೊದಲ ಟಿಪ್ಪಣಿ ಬರೆಯಿರಿ ಅಂತ ಕೇಳಿತು.

ಎಲ್ಲರಿಗೂ ನನ್ನ ಕಾರಣವೇ ಇರಬೇಕಂತಿಲ್ಲ. ಜಿಡಿಎಂನಲ್ಲಿ ಸೆಷನ್ ಆರಿಸುವ ಗೇರ್ ಗುರುತು ನಿಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿದ ಮೇಲಷ್ಟೇ ಬರುತ್ತದೆ, ಇರುವುದು ಒಂದೇ ಸೆಷನ್ ಆದರೆ ಬರುವುದೇ ಇಲ್ಲ. ಹಿಂದೆ ಯಾವಾಗಲೋ ಜಿಡಿಎಂನ ಸೆಟ್ಟಿಂಗ್ ಫೈಲಿನಲ್ಲಿ ವೇಲ್ಯಾಂಡ್ ಎನೇಬಲ್ ಫಾಲ್ಸ್ ಅಂತ ಬರೆದು ಮರೆತಿದ್ದರೆ ವೇಲ್ಯಾಂಡ್ ಸೆಷನ್‌ಗಳು ಮಾಯವಾಗುತ್ತವೆ. ಹೆಸರು ಪಟ್ಟಿಯಲ್ಲಿದೆ, ಆದರೆ ಪಾಸ್‌ವರ್ಡ್ ಕೊಟ್ಟ ತಕ್ಷಣ ವಾಪಸ್ ಬರುತ್ತಿದೆ ಅಂದರೆ ಅದು ಬೇರೆಯೇ ಸಮಸ್ಯೆ. ಆಗ ಡಿಸ್ಕ್ ಪೂರ್ತಿ ತುಂಬಿದೆಯಾ ಅಂತ ನೋಡಿ. ಹೋಮ್‌ನಲ್ಲಿರುವ ಡಾಟ್ ಎಕ್ಸ್‌ಅಥಾರಿಟಿ ಫೈಲ್ ರೂಟ್ (ಸಿಸ್ಟಮ್‌ನ ಅಡ್ಮಿನ್) ಹೆಸರಿಗೆ ಹೋಗಿದೆಯಾ ಅಂತಲೂ ನೋಡಿ. ಯಾವಾಗಲೋ ಸುಡೋ ಹಾಕಿ, ಅಂದರೆ ರೂಟ್ ಆಗಿ, ಎಕ್ಸ್11 ಶುರು ಮಾಡುವ ಸ್ಟಾರ್ಟ್‌ಎಕ್ಸ್ ಕಮಾಂಡ್ ಕೊಟ್ಟಿದ್ದರೆ ಹಾಗಾಗುತ್ತದೆ. ಡಾಟ್ ಕಾನ್ಫಿಗ್ ಮೇಲೆ ನಿಜವಾಗಲೂ ಅನುಮಾನ ಇದ್ದರೂ ಅಳಿಸಬೇಡಿ, ಎಂವಿ ಕಮಾಂಡ್‌ನಿಂದ ಹೆಸರು ಬದಲಾಯಿಸಿ. ಅದರಿಂದ ಸರಿಹೋಗಲಿಲ್ಲ ಅಂದರೆ ಹಳೆಯ ಹೆಸರನ್ನೇ ವಾಪಸ್ ಕೊಟ್ಟರಾಯಿತು.

ಈಗ ನಾನು ಅಪ್‌ಗ್ರೇಡ್‌ಗೆ ಮೊದಲು ಆ ಎರಡು ಫೋಲ್ಡರ್‌ಗಳಲ್ಲಿ ಏನಿದೆ ಅಂತ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳುತ್ತೇನೆ. ಫೈಲಿನಲ್ಲಿಟ್ಟರೆ ಬೇಕಾದಾಗ ತೆರೆಯಲು ಆಗದಿರಬಹುದು. ಪ್ರತಿ ಫೈಲ್ ಯಾವ ಪ್ಯಾಕೇಜಿನಿಂದ ಬಂದದ್ದು ಅನ್ನುವುದನ್ನೂ ಪಕ್ಕದಲ್ಲಿ ಬರೆಯುತ್ತೇನೆ. ಹೋಮ್ ಫೋಲ್ಡರ್‌ನ ಬ್ಯಾಕಪ್ ಈಗ ಚುಕ್ಕಿ ಫೋಲ್ಡರ್‌ಗಳನ್ನೂ ಸೇರಿಸಿಕೊಂಡು ಆಗುತ್ತದೆ. ರಾತ್ರಿ ಹೊತ್ತು ಶುರು ಮಾಡುವುದಿಲ್ಲ.

ಹೋದ ವಾರ ಮನೆಯ ಇನ್ನೊಂದು ಲ್ಯಾಪ್‌ಟಾಪ್ ಅಪ್‌ಗ್ರೇಡ್ ಮಾಡಿದೆ. ತೆಗೆಯುವ ಪ್ಯಾಕೇಜುಗಳ ಪಟ್ಟಿ ಬಂದಾಗ ಕಾಗದ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹೆಸರು ಓದಿದೆ. ಮೂರನೇ ಪರದೆಯಲ್ಲಿ ಎಕ್ಸ್‌ಎಫ್‌ಸಿಇ4-ಸೆಷನ್ ಕಂಡಿತು. ಎನ್ ಒತ್ತಿದೆ.