8×42 ದುರ್ಬೀನು: ಕಾಲಿನ ಬಣ್ಣ ಕಾಣುತ್ತದೆ, ಉಂಗುರ ಮಾತ್ರ ನಿಲ್ಲುವುದಿಲ್ಲ

ವುಡ್ ಸ್ಯಾಂಡ್‌ಪೈಪರ್‌ ಕಾಲು ಹಳದಿ ಕಡೆಗೆ. ಗ್ರೀನ್ ಸ್ಯಾಂಡ್‌ಪೈಪರ್‌ ಕಾಲು ಮಂಕು ಹಸಿರು. ಮೋಡ ಕವಿದ ಬೆಳಿಗ್ಗೆ, ಕೆಸರಿನ ಅಂಚಲ್ಲಿ ನಿಂತ ಹಕ್ಕಿಯ ಕಾಲು ಇವೆರಡರಲ್ಲಿ ಯಾವುದು ಅಂತ ತೋರಿಸುವ ದುರ್ಬೀನು ಸಿಕ್ಕಿದರೆ ಬಿಡಬೇಡಿ. ನಾನು ಬಳಸುತ್ತಿರುವ ಈ 8×42 (ಎಂಟು ಪಟ್ಟು ದೊಡ್ಡದು ಮಾಡುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ) ಅದನ್ನು ತೋರಿಸುತ್ತದೆ. ಕೆಲವು ವರ್ಷಗಳಿಂದ ಇದನ್ನೇ ಕುತ್ತಿಗೆಗೆ ಹಾಕಿಕೊಂಡು ಓಡಾಡುತ್ತಿದ್ದೇನೆ. ಹೊಗಳುವುದಕ್ಕೆ ಬೇಕಾದಷ್ಟಿದೆ. ಸಿಟ್ಟು ಬರಿಸುವ ವಿಷಯವೂ ಒಂದಿದೆ. ಅದರಿಂದಾಗಿ ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ದರ್ಜೆಯ ಯಾವ ದುರ್ಬೀನು ಕೊಳ್ಳುವವರಿಗೂ ಇಲ್ಲಿನ ಮಾತು ಉಪಯೋಗಕ್ಕೆ ಬರಬಹುದು.

ತೂಕ, ಉದ್ದ, ಗಾಜಿನ ಲೇಪನ ಇವೆಲ್ಲ ಡಬ್ಬಿಯ ಮೇಲೇ ಇರುತ್ತವೆ, ನೀವು ನೋಡಿರುತ್ತೀರಿ. ಬದಲಿಗೆ ನಾನು ಹೇಗೆ ಹಕ್ಕಿ ನೋಡುತ್ತೇನೆ ಅಂತ ಹೇಳಿಬಿಡುತ್ತೇನೆ. ನನ್ನ ಹತ್ತಿರ ಕ್ಯಾಮೆರಾ ಇಲ್ಲ. ಫೋಟೊ ತೆಗೆದು, ಮನೆಗೆ ಬಂದು, ದೊಡ್ಡದು ಮಾಡಿ ನೋಡುವ ಅನುಕೂಲ ನನಗಿಲ್ಲ. ಹಕ್ಕಿ ಕೂತಷ್ಟು ಹೊತ್ತು ಕಣ್ಣಿಗೆ ಬಿದ್ದದ್ದೇ ಲೆಕ್ಕ. ಕನ್ನಡಕ ಬೇರೆ ಇದೆ. ಬಜೆಟ್ ಮಧ್ಯಮ. ತೀರಾ ಅಗ್ಗದ್ದು ಬೇಡ, ಸಾಲ ಮಾಡಿ ಕೊಳ್ಳುವಂಥದ್ದೂ ಬೇಡ ಅಂದುಕೊಂಡವರ ಪೈಕಿ ನಾನು.

ಹತ್ತು ಪಟ್ಟು ದೊಡ್ಡದು ಮಾಡುವ 10×42 ಯಾಕೆ ಬೇಡ ಅಂತ ಹೊಸಬರು ಕೇಳುತ್ತಾರೆ. 42ನ್ನು 8ರಿಂದ ಭಾಗಿಸಿ, 5.25 ಬರುತ್ತದೆ. ಅಷ್ಟು ಮಿಲಿಮೀಟರ್ ಅಗಲದ ಬೆಳಕು ನಮ್ಮ ಕಣ್ಣಿಗೆ ಬಂದು ಬೀಳುತ್ತದೆ. 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ಮಟಮಟ ಮಧ್ಯಾಹ್ನ ಇದರಿಂದ ಏನೂ ಫರಕು ಬೀಳುವುದಿಲ್ಲ, ಪಾಪೆ ಹೇಗೂ ಚಿಕ್ಕದಾಗಿರುತ್ತದೆ. ಆದರೆ ಹಕ್ಕಿಗಳು ಚುರುಕಾಗಿರುವುದು ನಸುಕಿನಲ್ಲಿ ಮತ್ತು ಸಂಜೆ. ಆಗ ಪಾಪೆ ಅರಳಿರುತ್ತದೆ, ಒಂದೊಂದು ಮಿಲಿಮೀಟರೂ ಬೇಕು. ಇನ್ನು ಕೈನಡುಕ. ಹತ್ತು ಪಟ್ಟಿನಲ್ಲಿ ಹಕ್ಕಿಯ ಜೊತೆ ನಮ್ಮ ನಡುಕವೂ ಹತ್ತು ಪಟ್ಟು ದೊಡ್ಡದಾಗುತ್ತದೆ. ಎಲೆ ಮರೆಯಲ್ಲಿ ಓಡಾಡುವ ಪುಟ್ಟ ಹಕ್ಕಿಯನ್ನು ಹಿಡಿಯಲು ಅಗಲವಾದ ನೋಟ ಬೇಕು, ಅದು ಎಂಟು ಪಟ್ಟಿನಲ್ಲೇ ಜಾಸ್ತಿ.

ಸ್ಯಾಂಡ್‌ಪೈಪರ್‌ಗಳ ವಿಷಯಕ್ಕೆ ಬರುತ್ತೇನೆ. ಚಳಿಗಾಲದಲ್ಲಿ ಕೆರೆಯಂಚಿಗೆ ಬರುವ ಈ ಕಂದು ಹಕ್ಕಿಗಳು ದೂರದಿಂದ ಎಲ್ಲ ಒಂದೇ. ವುಡ್‌ನ ಬೆನ್ನು ತುಂಬ ಬಿಳಿ ಚುಕ್ಕೆ, ಹುಬ್ಬಿನ ಬಿಳಿಗೆರೆ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ಗ್ರೀನ್‌ನ ಬೆನ್ನು ಕಪ್ಪಗೆ, ಚುಕ್ಕೆ ಸಣ್ಣವು, ಬಿಳಿಗೆರೆ ಕಣ್ಣಿನ ಮುಂದೆಯೇ ನಿಂತುಬಿಡುತ್ತದೆ. ಕಾಮನ್ ಸ್ಯಾಂಡ್‌ಪೈಪರ್‌ನಲ್ಲಿ ಎದೆಯ ಪಕ್ಕ, ರೆಕ್ಕೆಯ ಮುಂದೆ, ಬಿಳಿ ಬಣ್ಣ ಮೇಲಕ್ಕೆ ನುಗ್ಗಿರುತ್ತದೆ. ಅದರ ಬಾಲ ಕುಣಿಯುವುದು ನಿಲ್ಲುವುದೇ ಇಲ್ಲ. ಈ ಮೂರನ್ನೂ ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಬಹುದು. ಹಕ್ಕಿ ನೀರಿನ ಹೊಳಪಿನ ಎದುರು ನಿಂತಾಗ ಹುಬ್ಬಿನ ಗೆರೆ ಎಲ್ಲಿ ಮುಗಿಯಿತು ಅಂತ ಕಾಣಬೇಕಲ್ಲ, ಕೆಲಸ ಇರುವುದು ಅಲ್ಲಿ. ಈ ದುರ್ಬೀನಿನಲ್ಲಿ ಆ ಗೆರೆಯ ತುದಿ ಕಾಣುತ್ತದೆ. ಕಾಲಿನ ಹಳದಿ ಹಳದಿಯಾಗಿಯೇ ಕಾಣುತ್ತದೆ. ಹಕ್ಕಿ ಎದ್ದು ಹಾರಿದರೆ ಇನ್ನೂ ಸುಲಭ. ಗ್ರೀನ್‌ನ ರೆಕ್ಕೆಯಡಿ ಇದ್ದಿಲಿನಷ್ಟು ಕಪ್ಪು, ಮೇಲೆ ಹೊಳೆಯುವ ಬಿಳಿ ಸೊಂಟ. ವುಡ್‌ನ ರೆಕ್ಕೆಯಡಿ ತಿಳಿ ಬಣ್ಣ. ಆ ಅರೆಗಳಿಗೆಯಲ್ಲಿ ಫೋಕಸ್ ಚಕ್ರ ಎಷ್ಟು ಬೇಗ ತಿರುಗುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇದರ ಚಕ್ರ ಹದವಾಗಿದೆ. ತೋರುಬೆರಳು ಸ್ವಲ್ಪ ಒತ್ತಿದರೆ ಸಾಕು, ದಡದಿಂದ ಆಚೆ ದಡಕ್ಕೆ ಫೋಕಸ್ ಹೋಗುತ್ತದೆ.

ಬೆಳ್ಳಕ್ಕಿಗಳಲ್ಲೂ ಹೀಗೇ. ಎಲ್ಲ ಬಿಳಿಯೇ, ಆದರೆ ಚಿಕ್ಕ ಬೆಳ್ಳಕ್ಕಿಗೆ ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ. ಪಾದ ಕೆಸರಲ್ಲಿ ಮುಳುಗಿದ್ದರೆ ಅದು ಹೆಜ್ಜೆ ಎತ್ತುವವರೆಗೆ ಕಾಯಬೇಕು. ದೊಡ್ಡ ಬೆಳ್ಳಕ್ಕಿಯನ್ನೂ ಮಧ್ಯಮ ಬೆಳ್ಳಕ್ಕಿಯನ್ನೂ ಬೇರೆ ಮಾಡಲು ನಾನು ಎತ್ತರ ನೋಡುವುದಿಲ್ಲ, ಒಂಟಿ ಹಕ್ಕಿಯ ಎತ್ತರ ನಂಬುವ ಹಾಗಿಲ್ಲ. ಬಾಯಿಯ ಗೆರೆ ನೋಡುತ್ತೇನೆ. ಅದು ಕಣ್ಣು ದಾಟಿ ಹಿಂದೆ ಹೋದರೆ ದೊಡ್ಡದು, ಕಣ್ಣಿನ ಕೆಳಗೇ ಮುಗಿದರೆ ಮಧ್ಯಮ. ಕೊಕ್ಕಿನ ಬಣ್ಣ ನಂಬಿ ಕೂರಬೇಡಿ, ಮರಿ ಮಾಡುವ ಕಾಲಕ್ಕೆ ಹಳದಿ ಕೊಕ್ಕು ಕಪ್ಪಾಗಿಬಿಡುತ್ತದೆ.

ಬಣ್ಣದ ನಿಜವಾದ ಪರೀಕ್ಷೆ ಕಾಜಾಣದ್ದು. ಕಪ್ಪು ಕಾಜಾಣ ಮತ್ತು ಬೂದು ಕಾಜಾಣ, ಎರಡಕ್ಕೂ ಸೀಳುಬಾಲ, ಎರಡೂ ಕೊಂಬೆ ತುದಿಯಲ್ಲಿ ನೆಟ್ಟಗೆ ಕೂರುತ್ತವೆ. ಬೆಳಕಿನ ಆಕಾಶ ಹಿಂದಿದ್ದರೆ ಎರಡೂ ಮಸಿಯ ತುಂಡು. ಅಗ್ಗದ ಗಾಜಿನಲ್ಲಿ ಇಂಥ ಹಕ್ಕಿಯ ಸುತ್ತ ನೇರಳೆ, ಹಸಿರು ಅಂಚು ಕಟ್ಟುತ್ತದೆ, ಬೂದು ಯಾವುದು ಕಪ್ಪು ಯಾವುದು ಅಂತ ಗೊತ್ತಾಗುವುದಿಲ್ಲ. ಇದರಲ್ಲಿರುವುದು ED ಗಾಜು, ಅಂದರೆ ಇಂಥ ಬಣ್ಣದ ಅಂಚನ್ನು ತಗ್ಗಿಸುವ ಗಾಜು. ಅಂಚು ಪೂರ್ತಿ ಹೋಗಿಲ್ಲ, ನೋಟದ ಹೊರವಲಯದಲ್ಲಿ ಸ್ವಲ್ಪ ಉಳಿದಿದೆ. ಆದರೆ ಹಕ್ಕಿಯನ್ನು ನಡುವಿಗೆ ತಂದರೆ ಬೂದು ಕಾಜಾಣದ ಹೊಟ್ಟೆ ಸ್ಲೇಟಿನ ಬಣ್ಣದ್ದು ಅಂತ ಕಾಣುತ್ತದೆ, ಕೆಂಪು ಕಣ್ಣು ಕಾಣುತ್ತದೆ. ಕಪ್ಪು ಕಾಜಾಣಕ್ಕೆ ಬಾಯಿ ಕೊನೆಯಲ್ಲಿ ಸಾಸಿವೆ ಗಾತ್ರದ ಬಿಳಿ ಚುಕ್ಕೆ. ಆ ಚುಕ್ಕೆಯನ್ನು ಈ ದುರ್ಬೀನಿನಲ್ಲಿ ಕಂಡಾಗ ಆದ ಖುಷಿ ಇನ್ನೂ ಹಾಗೇ ಇದೆ. ಈಗಲೂ ಎಲ್ಲಿ ಕಾಜಾಣ ಕಂಡರೂ ಮೊದಲು ಬಾಯಿ ಮೂಲೆಗೇ ಹೋಗುತ್ತದೆ ಕಣ್ಣು.

ಎರಡು ಮೀಟರಿನಷ್ಟು ಹತ್ತಿರಕ್ಕೂ ಫೋಕಸ್ ಬರುತ್ತದೆ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಹೂವಿನ ಗಿಡದ ಪಕ್ಕ ನಿಂತರೆ ಸೂರಕ್ಕಿಯ ನಾಲಿಗೆಯೂ ಕಾಣುತ್ತದೆ. ಸೂರಕ್ಕಿಯ ಹೆಣ್ಣುಗಳಲ್ಲಿ ಗೊಂದಲ ಇದ್ದೇ ಇರುತ್ತದೆ. ಪರ್ಪಲ್ ರಂಪ್ಡ್ ಹೆಣ್ಣಿಗೆ ಗಂಟಲು ಬೂದು ಬಿಳಿ, ಎದೆ ಹಳದಿ. ಪರ್ಪಲ್ ಹೆಣ್ಣಿಗೆ ಗಂಟಲಿನಿಂದಲೇ ತಿಳಿ ಹಳದಿ ಶುರು. ಗಂಟಲ ನಡುವೆ ಕಪ್ಪು ಪಟ್ಟೆ ಇಳಿದಿದ್ದರೆ ಅದು ಹೆಣ್ಣಲ್ಲ, ಬಣ್ಣ ಕಳಚಿಕೊಂಡ ಪರ್ಪಲ್ ಗಂಡು.

ಇನ್ನು ದಿನಚರಿ. ಹೊರಡುವ ಮೊದಲು ಗಾಜು ನೋಡುವುದು ನನಗೆ ಅಭ್ಯಾಸವಾಗಿದೆ. ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ ದೂಳು ಹಾರಿಸಬೇಕು. ಆಮೇಲೆ ಮೆತ್ತನೆ ಬ್ರಷ್. ಕೊನೆಗೆ ಬಾಯಿಯ ಆವಿ ಬಿಟ್ಟು, ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಸುತ್ತುತ್ತಾ ಒರೆಸಬೇಕು. ಅಂಗಿ ಚುಂಗಿನಲ್ಲಿ ಒರೆಸಿದರೆ ಮರಳಿನ ಕಣ ಲೇಪನವನ್ನು ಗೀರುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ಒಳಗೆ ನೈಟ್ರೋಜನ್ ತುಂಬಿರುವುದರಿಂದ ಒಳಗಾಜಿಗೆ ಇಬ್ಬನಿ ಕಟ್ಟಿಲ್ಲ. ಹೊರಗಾಜಿಗೆ ಬೂಷ್ಟು ಬರದ ಹಾಗೆ ನೋಡಿಕೊಳ್ಳುವುದು ನಮ್ಮ ಕೆಲಸ. ಕನ್ನಡಕ ಇರುವವರು ಕಣ್ಣುಬಟ್ಟಲನ್ನು ತಿರುಗಿಸಿ ಪೂರ್ತಿ ಒಳಗೆ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಸುತ್ತ ಕಪ್ಪು ಬಳೆ ಕಾಣುತ್ತದೆ.

ಹೊಲಕ್ಕೋ ಕೆರೆಗೋ ತಲುಪಿದ ಮೇಲೆ ಡಯಾಪ್ಟರ್ ಸರಿಮಾಡುವುದು. ನಮ್ಮ ಎರಡು ಕಣ್ಣಿನ ದೃಷ್ಟಿ ಒಂದೇ ಇರುವುದಿಲ್ಲ ಅಲ್ವಾ, ಅದನ್ನು ಹೊಂದಿಸಲು ಬಲಗಣ್ಣಿನ ಹತ್ತಿರ ಒಂದು ಉಂಗುರ ಇರುತ್ತದೆ. ಪಾಚಿ ಹಿಡಿದ ಕೊಂಬೆಯನ್ನೋ ಬೋರ್ಡಿನ ಅಕ್ಷರವನ್ನೋ ಆರಿಸಿಕೊಳ್ಳಿ. ಬಲಗಡೆ ಗಾಜಿಗೆ ಅಂಗೈ ಅಡ್ಡ ಹಿಡಿದು, ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿ. ಈಗ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ ಉಂಗುರ ಮಾತ್ರ ತಿರುಗಿಸಿ. ಕಣ್ಣು ಕಿರಿದು ಮಾಡಬೇಡಿ, ಎರಡೂ ತೆರೆದೇ ಇರಲಿ. ಒಮ್ಮೆ ಹೊಂದಿತು ಅಂದರೆ ಆ ಉಂಗುರ ಅಲ್ಲೇ ಕೂತಿರಬೇಕು. ಇದು ಕೂರುವುದಿಲ್ಲ. ನನ್ನ ದೂರು ಇದೇ.

ಮೊದಲ ವರ್ಷ ಬಿಗಿಯಾಗಿಯೇ ಇತ್ತು. ಆಮೇಲೆ ಸಡಿಲವಾಯಿತು. ಬ್ಯಾಗಿನಿಂದ ತೆಗೆದರೆ ತಿರುಗುತ್ತದೆ, ಜಾಕೆಟ್ಟಿಗೆ ಉಜ್ಜಿದರೆ ತಿರುಗುತ್ತದೆ, ಹೆಬ್ಬೆರಳು ತಾಗಿದರೂ ತಿರುಗುತ್ತದೆ. ತಿರುಗಿದ್ದು ತಕ್ಷಣ ಗೊತ್ತಾದರೆ ಸರಿ, ಆದರೆ ಗೊತ್ತಾಗುವುದೇ ಇಲ್ಲ. ಎಡಗಣ್ಣು ಸರಿಯಾಗಿ ನೋಡುತ್ತಿರುತ್ತದೆ, ಮಿದುಳು ಅದನ್ನೇ ನೆಚ್ಚಿಕೊಂಡು ಸುಧಾರಿಸಿಬಿಡುತ್ತದೆ. ಹದ್ದು, ನೀರುಕಾಗೆ, ಮಿಂಚುಳ್ಳಿ ಎಲ್ಲ ಚೆನ್ನಾಗಿಯೇ ಕಾಣುತ್ತವೆ. ಮಾಯವಾಗುವುದು ಆ ಬಿಳಿ ಚುಕ್ಕೆ, ಆ ಹುಬ್ಬಿನ ತುದಿ, ರೆಕ್ಕೆಯ ಮೇಲಿನ ಕೂದಲೆಳೆಯಷ್ಟು ಸಣ್ಣ ಗೆರೆ. ಅಂದರೆ ಒಂದೇ ಥರ ಕಾಣುವ ಎರಡು ಹಕ್ಕಿಗಳನ್ನು ಬೇರೆ ಮಾಡುವುದಕ್ಕೆ ಏನು ಬೇಕೋ ಅಷ್ಟೇ ಹೋಗುತ್ತದೆ. ಜೊತೆಗೆ ಸಂಜೆ ಹೊತ್ತಿಗೆ ತಲೆನೋವು.

ಒಂದು ಸಲ ಎಲೆ ಉಲಿಯಕ್ಕಿಯೊಂದು (ಲೀಫ್ ವಾರ್ಬ್ಲರ್) ನಾನು ನಿಂತ ಮರಕ್ಕೇ ಬಂದು, ಕಣ್ಣಿನ ಮಟ್ಟದ ಕೊಂಬೆಯಲ್ಲಿ ಕೂತಿತ್ತು. ಇವುಗಳಲ್ಲಿ ಹಲವು ಹೆಚ್ಚಾಗಿ ಮರದ ಮೇಲುಭಾಗದಲ್ಲೇ ಇರುತ್ತವೆ, ಇಷ್ಟು ಹತ್ತಿರ ಸಿಗುವುದು ಅದೃಷ್ಟ. ರೆಕ್ಕೆಯ ಗೆರೆ ಇದೆಯೋ ಇಲ್ಲವೋ ಅಂತಲೇ ತಿಳಿಯಲಿಲ್ಲ. ಉಂಗುರ ನೋಡಿದರೆ ಪೂರ್ತಿ ಒಂದು ಕಡೆಗೆ ಸರಿದಿತ್ತು. ಸರಿಮಾಡಿ ಎತ್ತುವಷ್ಟರಲ್ಲಿ ಕೊಂಬೆ ಖಾಲಿ. ಅವತ್ತು ಹೊಟ್ಟೆ ಉರಿಯಿತು.

ಸರ್ವಿಸ್‌ನವರಿಗೆ ಬರೆದೆ. ಉಂಗುರ ತಿರುಗುವುದಕ್ಕೇ ಇರುವುದು, ಇದು ದೋಷ ಅಲ್ಲ ಅಂತ ಉತ್ತರ ಬಂತು. ನಾವು ತಿರುಗಿಸಿದಾಗ ತಿರುಗಬೇಕು, ತಾನಾಗಿ ತಿರುಗಬಾರದು ಅಂತ ಮತ್ತೆ ಬರೆದೆ. ಕೊನೆಗೆ ತರಿಸಿಕೊಂಡರು. ವಲಸೆ ಹಕ್ಕಿಗಳು ಬಂದಿಳಿಯುವ ದಿನಗಳಲ್ಲಿ ಅದು ಅವರ ಕಪಾಟಿನಲ್ಲಿತ್ತು. ಬಿಗಿ ಮಾಡಿ ವಾಪಸ್ ಕಳಿಸಿದರು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಸಡಿಲ. ಇಷ್ಟು ಒಳ್ಳೆಯ ಗಾಜು ಹಾಕಿ, ಒಂದು ಉಂಗುರಕ್ಕೆ ಬೀಗದ ವ್ಯವಸ್ಥೆ ಮಾಡದೆ ಬಿಟ್ಟಿದ್ದಾರಲ್ಲ ಅಂತ ಈಗಲೂ ಬೇಜಾರಾಗುತ್ತದೆ. ಮೇಲಕ್ಕೆ ಎಳೆದರೆ ಮಾತ್ರ ತಿರುಗುವ, ಒತ್ತಿದರೆ ಕೂತುಬಿಡುವ ಉಂಗುರ ಬೇರೆ ದುರ್ಬೀನುಗಳಲ್ಲಿ ಇದೆ.

ಮದ್ದು ನಾನೇ ಮಾಡಿಕೊಂಡೆ. ಸೈಕಲ್ ಟ್ಯೂಬಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಅರ್ಧ ಉಂಗುರದ ಮೇಲೆ, ಅರ್ಧ ಕೊಳವೆಯ ಮೇಲೆ ಬರುವ ಹಾಗೆ ತೊಡಿಸಿದ್ದೇನೆ. ನನ್ನ ಕಣ್ಣಿಗೆ ಹೊಂದುವ ಜಾಗದಲ್ಲಿ ಉಂಗುರಕ್ಕೊಂದು, ಕೊಳವೆಗೊಂದು ವೈಟ್‌ನರ್ ಚುಕ್ಕೆ. ಪಟ್ಟಿಯಲ್ಲಿ ಸಣ್ಣ ಕಿಂಡಿ ಬಿಟ್ಟಿರುವುದರಿಂದ ಎರಡು ಚುಕ್ಕೆ ಎದುರುಬದುರು ಇವೆಯಾ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ನೋಡಲು ಚೆಂದ ಇಲ್ಲ. ಆದರೆ ಹಾಕಿದ ಮೇಲೆ ಉಂಗುರ ಅಲುಗಿಲ್ಲ, ತಲೆನೋವೂ ಇಲ್ಲ. ಬೇರೆ ಕೊಳ್ಳುವ ಯೋಚನೆ ಅಲ್ಲಿಗೆ ಬಿಟ್ಟೆ.

ಉಂಗುರ ಸರಿಯಿದ್ದರೂ ಎಲೆ ಉಲಿಯಕ್ಕಿಗಳ ಮುಂದೆ ದುರ್ಬೀನಿನ ಆಟ ಪೂರ್ತಿ ನಡೆಯುವುದಿಲ್ಲ, ಅದನ್ನೂ ಹೇಳಬೇಕು. ದಕ್ಷಿಣ ಭಾರತದಲ್ಲಿ ಚಳಿಗಾಲ ಕಳೆಯುವ ಗ್ರೀನ್ ವಾರ್ಬ್ಲರ್ ಮತ್ತು ಗ್ರೀನಿಷ್ ವಾರ್ಬ್ಲರ್ ಅಷ್ಟು ಹತ್ತಿರದ ನೆಂಟರು. ಗ್ರೀನ್‌ಗೆ ಹುಬ್ಬಿನಲ್ಲೂ ಗಂಟಲಲ್ಲೂ ಹಳದಿ ಜಾಸ್ತಿ. ಆದರೆ ಚಳಿಗಾಲ ಮುಗಿಯುವ ಹೊತ್ತಿಗೆ ಗರಿ ಸವೆದು ಹಳದಿ ಮಾಸುತ್ತದೆ, ರೆಕ್ಕೆಯ ಗೆರೆಯೂ ಅಳಿಸಿಹೋಗುತ್ತದೆ. ಎಷ್ಟು ದುಡ್ಡಿನ ಗಾಜು ಇದ್ದರೂ ಇಲ್ಲದ ಗೆರೆಯನ್ನು ತೋರಿಸಲಾರದು. ಆಗ ಕಿವಿಯೇ ಗತಿ. ಗ್ರೀನಿಷ್ ಎರಡು ತುಂಡಾಗಿ ‘ಚಿ-ವೀ’ ಅನ್ನುತ್ತದೆ, ಗ್ರೀನ್ ಮೂರು ತುಂಡಾಗಿ ‘ಚಿ-ರು-ವಿ’ ಅನ್ನುತ್ತದೆ. ಕೂಗದೆ ಹೋದರೆ ಪಟ್ಟಿಯಲ್ಲಿ ಎರಡೂ ಹೆಸರನ್ನು ಅಡ್ಡಗೆರೆ ಹಾಕಿ ಬರೆಯುತ್ತೇನೆ. ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಅದಕ್ಕೆ ಅವಕಾಶ ಇದೆ, ಧಾರಾಳವಾಗಿ ಬಳಸಿ. ಊಹೆಯ ಹೆಸರು ಬರೆಯುವುದಕ್ಕಿಂತ ಅದೇ ಹೆಚ್ಚು ಉಪಯೋಗದ ದಾಖಲೆ.

ಒಟ್ಟು ಐದರಲ್ಲಿ ಗಾಜಿಗೆ, ಚಕ್ರಕ್ಕೆ, ಹಿಡಿತಕ್ಕೆ ಸೇರಿ ನಾಲ್ಕು ಕೊಡುತ್ತೇನೆ. ಜೊತೆಗೆ ಬರುವ ಕುತ್ತಿಗೆ ಪಟ್ಟಿ ಸಪೂರ, ಅದನ್ನು ತೆಗೆದು ಹೆಗಲಿಗೆ ಭಾರ ಹಂಚುವ ಹಾರ್ನೆಸ್ ಹಾಕಿಕೊಳ್ಳಿ. ಕ್ಯಾಮೆರಾ ಇರುವವರಿಗೆ ಇಷ್ಟು ಖರ್ಚು ಬೇಕಿಲ್ಲ, ಇದಕ್ಕಿಂತ ಹಗುರವಾದ 8×32 ಸಾಕಾಗಬಹುದು. ನನ್ನ ಥರ ಬರಿ ಕಣ್ಣನ್ನೇ ನಂಬಿದವರು ಧೈರ್ಯವಾಗಿ ಕೊಳ್ಳಬಹುದು. ಅಂಗಡಿಯಲ್ಲಿ ಕೈಗೆ ತಗೊಂಡ ಕೂಡಲೇ ಕಿಟಕಿಯಾಚೆ ನೋಡುತ್ತಾ ನಿಲ್ಲಬೇಡಿ. ಮೊದಲು ಆ ಉಂಗುರವನ್ನು ಕಿರುಬೆರಳಿನಿಂದ ತಳ್ಳಿ ನೋಡಿ. ಸುಮ್ನೆ ತಾಗಿದ್ದಕ್ಕೇ ಸರಿದರೆ ಇನ್ನೊಂದು ಪೀಸ್ ಕೇಳಿ.