ಬಿಲ್ಲಿನಲ್ಲಿ ಹೊಸ ಪ್ಲಗ್, ಎಂಜಿನ್ನಿನಲ್ಲಿ ಹಳೆಯದು

ಲಕ್ಷ ಕಿಲೋಮೀಟರ್ ದಾಟಿದ ಪೆಟ್ರೋಲ್ ಕಾರು ಇಟ್ಟುಕೊಂಡು ನಮ್ಮ ಕರಾವಳಿಯಲ್ಲಿ ಓಡಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾರವಾರದಿಂದ ಕುಮಟಾವರೆಗೆ ಹೆದ್ದಾರಿಯಲ್ಲಿ ಗಾಡಿ ಚೆನ್ನಾಗಿ ಓಡಿತು ಅಂತ, ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಸರಿ ಇದೆ ಎಂದುಕೊಳ್ಳಬೇಡಿ. ಗ್ಯಾರೇಜಿನವರ ಬಾಯಿಮಾತನ್ನೂ ನಂಬಬೇಡಿ.

ನಮ್ಮ ಕಾರು 1,08,000 ಕಿ.ಮೀ. ಓಡಿತ್ತು. ಸರ್ವಿಸ್ ಪುಸ್ತಕದ ಪ್ರಕಾರ ಪ್ಲಗ್ ಕೊನೆಯ ಸಲ ಬದಲಾಗಿದ್ದು 60,000ದ ಹತ್ತಿರ. ಹಾಕಿದ್ದು ಸಾದಾ ನಿಕಲ್ ಪ್ಲಗ್, ಅದರ ಬಾಳಿಕೆಯ ಗಡುವು ದಾಟಿ ಹೋಗಿತ್ತು. ಹಾಗಾಗಿ ಮಳೆಗಾಲಕ್ಕೆ ಮೊದಲೇ ಗ್ಯಾರೇಜಿಗೆ ಕೊಟ್ಟು, ನಾಲ್ಕೂ ಹೊಸದು ಹಾಕಿ ಎಂದೆ. "ಗಾಡಿ ಚಲೋ ಓಡ್ತಾ ಇದೆಯಲ್ಲ ಸಾರ್, ಸುಮ್ನೆ ಯಾಕೆ ದುಡ್ಡು ಹಾಕ್ತೀರಿ? ಕ್ಲೀನ್ ಮಾಡಿದ್ರೆ ಆಯ್ತು" ಎಂದರು. ಬೇಡ, ಹೊಸದೇ ಹಾಕಿ ಎಂದು ಮತ್ತೆ ಹೇಳಿದೆ. ಸಂಜೆ ಬಿಲ್ಲಿನಲ್ಲಿ ನಾಲ್ಕು ಪ್ಲಗ್ಗಿನ ಬೆಲೆ ಇತ್ತು. ಹಳೆಯವನ್ನು ಕೊಡಿ ಎಂದರೆ, ಗುಜರಿ ಡಬ್ಬಕ್ಕೆ ಹೋಯಿತು ಎಂಬ ಉತ್ತರ ಬಂತು.

ಆಮೇಲೆ ಅಂಕೋಲಾ, ಗೋಕರ್ಣದ ಕಡೆ ಓಡಾಡಿದಾಗ ಏನೂ ತೊಂದರೆ ಕಾಣಲಿಲ್ಲ. ಆಯಿಯನ್ನು ಹುಬ್ಬಳ್ಳಿ ಆಸ್ಪತ್ರೆಗೆ ತೋರಿಸಲು ಹೊರಟ ದಿನ ಜೋರು ಮಳೆ. ಸುಂಕಸಾಳ, ರಾಮನಗುಳಿ ದಾಟುವವರೆಗೂ ಗಾಡಿ ಸರಿಯಾಗೇ ಇತ್ತು. ಅರಬೈಲ್ ಘಟ್ಟದ ಏರು ಶುರುವಾಗಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಜರ್ಕ್ ಹೊಡೆಯತೊಡಗಿತು. ಎರಡನೇ ಗೇರಿನಲ್ಲೂ ಎಳೆಯಲಿಲ್ಲ. ಚೆಕ್ ಎಂಜಿನ್ ದೀಪ ಮಿಣುಕುತ್ತಿತ್ತು. ಮುಂದೆ ತಿರುವು, ಹಿಂದೆ ತುಂಬು ಲೋಡಿನ ಲಾರಿಗಳ ಸಾಲು. ಆ ಘಟ್ಟ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆಯಿ ಮುಂದಿನ ಸೀಟಿನ ಹಿಡಿಕೆ ಬಿಗಿಯಾಗಿ ಹಿಡಿದು ಕೂತಿದ್ದರು. ತಿರುವು ಕಳೆದು ಸ್ವಲ್ಪ ಅಗಲ ಇದ್ದ ಕಡೆ ಹೇಗೋ ನಿಲ್ಲಿಸಿದೆ. ಹಿಂದಿನ ಲಾರಿಯ ಕ್ಲೀನರ್ ಹುಡುಗ ಮಳೆಯಲ್ಲೇ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಆ ಹುಡುಗನಿಗೆ ಒಳ್ಳೆಯದಾಗಲಿ.

ಗಾಡಿಯನ್ನು ಎಳೆಸಿಕೊಂಡು ಯಲ್ಲಾಪುರಕ್ಕೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದರು. ಪಿ0303 ಎಂಬ ಕೋಡ್ ಬಂತು, ಅಂದರೆ ಮೂರನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪೆಟ್ರೋಲ್ ಸರಿಯಾಗಿ ಹೊತ್ತುತ್ತಿಲ್ಲ. ಪ್ಲಗ್ ಬಿಚ್ಚಿ ನನ್ನ ಕೈಗೇ ಕೊಟ್ಟರು. ನಡುವಿನ ಕಂಬಿ ಸವೆದು ಗುಂಡಗಾಗಿತ್ತು. ಹೊಸದಾಗಿದ್ದರೆ ಅದರ ಅಂಚು ಚೂಪಾಗಿರುತ್ತದೆ. ಬ್ರಷ್‌ನಿಂದ ಉಜ್ಜಿದ ಗೀರುಗಳು ಎದ್ದು ಕಾಣುತ್ತಿದ್ದವು. ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಒಂದು ಕಪ್ಪು ಗೆರೆ, ಕಿಡಿ ಹಾರಬೇಕಾದ ಕಡೆ ಹಾರದೆ ಹೊರಗಿನಿಂದ ಹರಿದ ಗುರುತು. "ಇದು ಮೊನ್ನೆ ಹಾಕಿದ ಪ್ಲಗ್ ಅಲ್ಲವೇ ಅಲ್ಲ" ಎಂದರು. ಉಳಿದ ಮೂರೂ ಹಾಗೇ ಇದ್ದವು. ಪ್ಲಗ್ಗಿಗೆ ಹೆಚ್ಚಿನ ವೋಲ್ಟೇಜ್ ಕೊಡುವ, ಆ ಸಿಲಿಂಡರಿನ ಕಾಯಿಲ್ ಕೂಡ ಸುಟ್ಟಿತ್ತು. ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಅಂತೂ ತಪ್ಪಿಹೋಯಿತು.

ಬಿಲ್ ಕೊಟ್ಟ ಗ್ಯಾರೇಜಿಗೆ ಹಳೆಯ ಪ್ಲಗ್ ತೆಗೆದುಕೊಂಡು ಹೋದೆ. ಕೆಲಸದ ಹುಡುಗನ ತಪ್ಪು ಎಂದು ಪ್ಲಗ್ಗಿನ ದುಡ್ಡು ವಾಪಸ್ ಕೊಟ್ಟರು. ಕಾಯಿಲ್‌ಗೆ, ಟೋಯಿಂಗ್‌ಗೆ ಪೈಸೆ ಕೊಡಲಿಲ್ಲ. ವಯಸ್ಸಾದವರನ್ನು ಕೂರಿಸಿಕೊಂಡು ಘಟ್ಟ ಹತ್ತುವ ಜನರಿಗೆ ಹೀಗೆ ಮಾಡುವುದು ಬರೀ ದುಡ್ಡಿನ ಮೋಸ ಅಲ್ಲ. ಇದರಿಂದ ಜೀವ ಹೋಗಬಹುದು.

ಸಮತಟ್ಟು ರಸ್ತೆಯಲ್ಲಿ ಯಾಕೆ ಗೊತ್ತಾಗಲಿಲ್ಲ? ಪ್ಲಗ್ ಸವೆದಷ್ಟೂ ಎರಡು ತುದಿಗಳ ನಡುವಿನ ಗ್ಯಾಪ್ ದೊಡ್ಡದಾಗುತ್ತದೆ. ಗ್ಯಾಪ್ ಹೆಚ್ಚಾದರೆ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ, ಆಗ ಇನ್ನೂ ಜಾಸ್ತಿ ಬೇಕು. ಹಳೆಯ ಕಾಯಿಲ್ ಅದನ್ನು ಒದಗಿಸಲಾಗದೆ ಸೋಲುತ್ತದೆ. ನಾವು ಕರಾವಳಿಯವರು ದಿನವೂ ಓಡಿಸುವುದು ಸಮತಟ್ಟು ದಾರಿಯಲ್ಲಿ. ಹಾಗಾಗಿ ಪ್ಲಗ್ ಸತ್ತಿದೆ ಅನ್ನೋದು ಮೊದಲು ಗೊತ್ತಾಗುವ ಜಾಗ ಅರಬೈಲ್ ಅಥವಾ ದೇವಿಮನೆ ಘಟ್ಟವೇ ಆಗಿರುತ್ತದೆ. ಅದರ ಮೇಲೆ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಉಪ್ಪುಗಾಳಿ. ಕಾಯಿಲ್‌ನ ರಬ್ಬರ್ ಬಿರುಕು ಬಿಟ್ಟಿದ್ದರೆ ತೇವ ಒಳಗೆ ಹೋಗಿ ಕರೆಂಟ್ ಸೋರುತ್ತದೆ.

ಚೆಕ್ ಎಂಜಿನ್ ದೀಪ ಮಿಣುಕಿದರೆ ದಯವಿಟ್ಟು ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಲೈನಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಕಟ್ಟಿಕೊಳ್ಳುತ್ತದೆ. ಒಂದು ಸೆಟ್ ಪ್ಲಗ್ಗಿನ ಬೆಲೆಯ ಎಷ್ಟೋ ಪಟ್ಟು ಖರ್ಚು ಅದು. ನಮ್ಮ ಗಾಡಿ ತಕ್ಷಣ ನಿಂತಿದ್ದಕ್ಕೆ ಕನ್ವರ್ಟರ್ ಉಳಿಯಿತು.

ಹಾಗಾದರೆ ಯಾವಾಗ ಬದಲಾಯಿಸಬೇಕು? ತೊಂದರೆ ಕಾಣಿಸುವವರೆಗೆ ಕಾಯಬೇಡಿ, ಕಿಲೋಮೀಟರ್ ನೋಡಿ ಬದಲಾಯಿಸಿ. ಸಾದಾ ನಿಕಲ್ ಆದರೆ ಸುಮಾರು 30,000ದಿಂದ 40,000. ಒಳ್ಳೆಯ ಇರಿಡಿಯಂ ಆದರೆ ಸುಮಾರು 1,00,000 ಹತ್ತಿರದವರೆಗೆ ಬರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಸಿಎನ್‌ಜಿ ಗಾಡಿಗೆ ಇನ್ನೂ ಬೇಗ ಬೇಕು, ಯಾಕೆಂದರೆ ಗ್ಯಾಸ್ ಹೊತ್ತಿಸಲು ವೋಲ್ಟೇಜ್ ಜಾಸ್ತಿ ಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು, ಪ್ಲಗ್ ಯಾವಾಗ ಹಾಕಿದ್ದು ಅಂತ ದಾಖಲೆ ಸಿಗದಿದ್ದರೆ ಮೊದಲೇ ಹೊಸದು ಹಾಕಿಸಿಬಿಡಿ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು, ಸಿಗ್ನಲ್ಲಿನಲ್ಲಿ ನಿಂತಾಗ ನಡುಗುವುದು, ಮೈಲೇಜ್ ಇಳಿಯುವುದು, ಇವೆಲ್ಲ ಬಹಳ ತಡವಾಗಿ ಬರುವ ಸೂಚನೆಗಳು.

ಕ್ಲೀನ್ ಮಾಡಿದರೆ ಮಸಿ ಹೋಗುತ್ತದೆ, ಸವೆದ ಲೋಹ ಮರಳಿ ಬರೋದಿಲ್ಲ ಅಲ್ವಾ? ಇರಿಡಿಯಂ ಪ್ಲಗ್ಗಿನ ತುದಿ ಬಹಳ ಸಣ್ಣದು, ವೈರ್ ಬ್ರಷ್ ತಾಗಿದರೆ ಅದೂ ಹಾಳು.

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಲ್ಲಿ. ಹೊಸ ಪ್ಲಗ್ಗಿನ ಡಬ್ಬಿ ನಿಮ್ಮ ಮುಂದೆಯೇ ಒಡೆಯಲಿ, ಪ್ಲಗ್ಗಿನ ನಂಬರ್ ಗಾಡಿಯ ಪುಸ್ತಕದಲ್ಲಿರುವ ನಂಬರಿಗೆ ಹೊಂದಲಿ. ನಕಲಿ ಪ್ಲಗ್ ಬಹಳ ಇವೆ, ಆದ್ದರಿಂದ ಬಿಲ್ ಕೊಡುವ ಡೀಲರ್ ಹತ್ತಿರವೇ ಕೊಳ್ಳಿ. ಹಳೆಯ ನಾಲ್ಕನ್ನೂ ಸಿಲಿಂಡರಿನ ಕ್ರಮದಲ್ಲಿ ಸಾಲಾಗಿ ಇಡಲು ಹೇಳಿ. ತಿಳಿ ಕಂದು ಅಥವಾ ಬೂದಿ ಬಣ್ಣ ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿರಬಹುದು. ತುದಿಯಲ್ಲಿ ಎಣ್ಣೆ ಇದ್ದರೆ ವಾಲ್ವ್ ಸೀಲ್ ಅಥವಾ ರಿಂಗ್ ನೋಡಿಸಬೇಕು. ಪ್ಲಗ್ ಕೂರುವ ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದೆ, ಅದನ್ನು ಜೊತೆಗೇ ಬದಲಾಯಿಸಿ.

ಇನ್ನೊಂದು ಮುಖ್ಯ ವಿಷಯ. ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಅಲ್ಯೂಮಿನಿಯಂನದ್ದು, ಎಂಜಿನ್ ಬಿಸಿ ಇರುವಾಗ ಪ್ಲಗ್ ಬಿಚ್ಚಿಸಬೇಡಿ. ಬಹಳ ವರ್ಷದಿಂದ ಕೂತ ಪ್ಲಗ್ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದು ತಿರುಗದಿದ್ದರೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಬಲ ಹಾಕಲು ಬಿಡಬೇಡಿ, ಥ್ರೆಡ್ ಕಿತ್ತು ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಹಿಂದೆ ಮುಂದೆ ಅಲ್ಪಸ್ವಲ್ಪ ತಿರುಗಿಸುತ್ತಾ ತೆಗೆಯಲಿ. ಹೊಸದನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು, ಕೊನೆಯ ಬಿಗಿತ, ಬಲ ಅಳೆದು ಬಿಗಿಯುವ ಟಾರ್ಕ್ ರೆಂಚಿನಲ್ಲಿ.