ಕುಂಡದ ಮಣ್ಣಿಗೆ ಜಂತುಹುಳು ಸುರಿದ ಎರಡು ವರ್ಷ

ಗಿಡ ಬೆಳೆಸುವವರಿಗೆ ಜಂತುಹುಳು (ನೆಮಟೋಡ್) ಎಂಬ ಹೆಸರೇ ಆಗದು. ಟೊಮೆಟೊ, ಬದನೆಗಳ ಬೇರನ್ನು ಗಂಟುಗಂಟಾಗಿಸುವ ಜೀವಿ ಎಂದೇ ನಾವು ಅದನ್ನು ಬಲ್ಲೆವು. ಹಾಗಿರುವಾಗ 50 ಲಕ್ಷ ಜಂತುಹುಳುಗಳಿರುವ ಪೊಟ್ಟಣವನ್ನು ಹಣ ಕೊಟ್ಟು ತರಿಸಿ, ಮನೆಯೊಳಗಿನ ಕುಂಡಗಳಿಗೆ ಕೈಯಾರೆ ಸುರಿಯಲು ನಾನು 3 ತಿಂಗಳು ಹಿಂಜರಿದೆ. ಸ್ಟೈನರ್ನೀಮಾ ಫೆಲ್ಟಿಯೇ ಎಂಬ ಈ ಜಾತಿ ಗಿಡದ ಬೇರಿನ ತಂಟೆಗೆ ಹೋಗುವುದಿಲ್ಲ, ಕೀಟಗಳ ಮರಿಹುಳುಗಳನ್ನು ಮಾತ್ರ ಹುಡುಕಿಕೊಂಡು ಹೋಗುತ್ತದೆ ಎಂದು ಓದಿ ತಿಳಿದಿದ್ದರೂ ಮನಸ್ಸು ಒಪ್ಪಿರಲಿಲ್ಲ. ಈಗ 2 ವರ್ಷಗಳಲ್ಲಿ 5 ಪೊಟ್ಟಣ ಮುಗಿಸಿದ್ದೇನೆ. ಪೊಟ್ಟಣದ ಮೇಲಿರುವ ವಿವರಗಳನ್ನು ಕೊಳ್ಳುವವರು ಹೇಗೂ ಓದಿಕೊಳ್ಳುತ್ತಾರೆ. ಅಲ್ಲಿ ಬರೆದಿಲ್ಲದ ಕೆಲವು ಸಂಗತಿಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ನನ್ನಲ್ಲಿ ಬೆಗೋನಿಯಾ, ಆಫ್ರಿಕನ್ ವಯಲೆಟ್, ಜರೀಗಿಡ ಎಲ್ಲ ಸೇರಿ 22 ಕುಂಡಗಳಿವೆ. ಎಲೆಗಳು ಹಳದಿಯಾಗತೊಡಗಿದಾಗ ಗೊಬ್ಬರ ಸಾಲದೆಂದುಕೊಂಡೆ, ಗಿಡ ಸೊರಗಿದಾಗ ನೀರು ಸಾಲದೆಂದುಕೊಂಡು ಇನ್ನಷ್ಟು ಹಾಕಿದೆ. ಕುಂಡ ಅಲುಗಿಸಿದಾಗಲೆಲ್ಲ ಏಳುತ್ತಿದ್ದ ಸಣ್ಣ ಕಪ್ಪು ನೊಣಗಳಿಗೆ ಬೇಕಿದ್ದದ್ದು ಆ ತೇವವೇ ಎಂಬುದು ಆಗ ಹೊಳೆಯಲಿಲ್ಲ. ಹಣ್ಣಿನ ಮೇಲೆ ಮುತ್ತುವ ನೊಣಗಳೆಂದು ತಿಳಿದು ಕೆಲವು ವಾರ ಅಡುಗೆಮನೆಯನ್ನು ಶುಚಿಗೊಳಿಸುವುದರಲ್ಲೇ ಕಳೆದೆ. ಅವು ಫಂಗಸ್ ನ್ಯಾಟ್‌ಗಳೆಂದು ಗೊತ್ತಾದದ್ದು ಹಳದಿ ಅಂಟು ಹಾಳೆಗೆ ಸಿಕ್ಕಿಬಿದ್ದ ಒಂದನ್ನು ಭೂತಗನ್ನಡಿಯಲ್ಲಿ ನೋಡಿದಾಗ: ಉದ್ದ 3 ಮಿಲಿಮೀಟರ್ ಇರಬಹುದು, ಸೊಳ್ಳೆಯಂತಹ ನೀಳ ಕಾಲುಗಳು, ಉದ್ದನೆಯ ಕುಡಿಮೀಸೆ, ರೆಕ್ಕೆಯಲ್ಲಿ ಕವಲೊಡೆದ ಒಂದು ನರ. ಇದೇ ಗಾತ್ರದ, ಆದರೆ ದಪ್ಪ ಮೈಯ, ಗಿಡ್ಡ ಕುಡಿಮೀಸೆಯ, ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳಿರುವ ಇನ್ನೊಂದು ನೊಣ ಕಂಡರೆ ಅದು ಪಾಚಿ ತಿಂದು ಬದುಕುವಂಥದ್ದು. ಅದಕ್ಕಾಗಿ ಯಾರೂ ಈ ಪೊಟ್ಟಣ ಕೊಳ್ಳಬೇಕಾಗಿಲ್ಲ. ನೀರು ಹಾಕಿದಾಗ ಮಣ್ಣಿನ ಮೇಲೆ ಪುಟಿಯುವ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿಗಳಿಗೂ ಬೇಡ. ಬೇರಿನ ಸುತ್ತ ಬಿಳಿ ಹಿಟ್ಟು ಮೆತ್ತಿದಂತೆ ಕಂಡರೆ ಅದು ಹಿಟ್ಟುತಿಗಣೆ ಇರಬಹುದು, ಅದರ ಚಿಕಿತ್ಸೆಯೇ ಬೇರೆ.

ನೊಣ ಹಾರುವುದು ಕಣ್ಣಿಗೆ ಕಿರಿಕಿರಿ, ಅಷ್ಟೆ. ಬೇರನ್ನು ಮೇಯುವುದು ಮಣ್ಣಿನೊಳಗಿನ ಮರಿಹುಳು. ಅದು ಇದೆಯೋ ಇಲ್ಲವೋ ಎಂದು ತಿಳಿಯಲು ನಾನು ಕಲಿತ ಆಲೂಗಡ್ಡೆಯ ಪರೀಕ್ಷೆ ಈಗ ಪ್ರತಿ ಭಾನುವಾರದ ನಿಯಮವಾಗಿದೆ. ಹಸಿ ಆಲೂಗಡ್ಡೆಯನ್ನು ಬೆರಳಿನಷ್ಟು ದಪ್ಪಕ್ಕೆ ಹೆಚ್ಚಿ, ಒಂದೊಂದು ಬಿಲ್ಲೆಯನ್ನು ಒಂದೊಂದು ಕುಂಡದ ಮೇಲ್ಮಣ್ಣಿಗೆ ತಾಗುವಂತೆ ಮೆಲ್ಲಗೆ ಒತ್ತಿ ಇಡುತ್ತೇನೆ. ಬುಧವಾರ ಬೆಳಿಗ್ಗೆ, ಮನೆಯವರು ಏಳುವ ಮೊದಲು, ದೀಪವನ್ನು ಓರೆಯಾಗಿ ಹಿಡಿದು ಬಿಲ್ಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತೇನೆ. ಗಾಜಿನ ನೂಲಿನಂತೆ ಪಾರದರ್ಶಕವಾದ ಮೈ, ತುದಿಯಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಹೊಳೆಯುವ ಕಪ್ಪು ತಲೆ. ಆ ಕಪ್ಪು ತಲೆ ಕಂಡರೆ ಸಂದೇಹಕ್ಕೆ ಎಡೆಯಿಲ್ಲ. ಕುಂಡದ ಸಂಖ್ಯೆ ಮತ್ತು ಹುಳುಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟು, ಬಿಲ್ಲೆಗಳನ್ನು ಸಾಬೂನು ನೀರಿನಲ್ಲಿ ಮುಳುಗಿಸಿ ಎಸೆಯುತ್ತೇನೆ.

ಜಂತುಹುಳುವಿಗೆ ಮೊದಲು ಬೇರೆ ದಾರಿಗಳನ್ನೂ ನೋಡಿದ್ದೆ. ಅಂಟು ಹಾಳೆ ಹಾರುವ ನೊಣವನ್ನು ಹಿಡಿಯುತ್ತದೆ, ಮಣ್ಣಿನೊಳಗೆ ಇಳಿಯಲಾರದು; ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು, ಹಾಳೆಗೆ ಸಿಗುವ ಮೊದಲೇ ಅದು ಇಟ್ಟು ಮುಗಿಸಿರಬಹುದು. ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರು ತಾಗಿದ ಮರಿಹುಳುಗಳನ್ನು ಕೊಂದರೂ ಮಣ್ಣಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಉಳಿಸುವುದಿಲ್ಲ. ಅನಂತರ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾದ ಪುಡಿ ತರಿಸಿದೆ. ಹೆಸರಿನ ಕೊನೆಯ ಪದವನ್ನು ಗಮನಿಸದೆ ನಾನು ಕೊಂಡದ್ದು ಕುರ್ಸ್ಟಾಕಿ ಎಂಬ ಬಗೆ. ಅದು ಚಿಟ್ಟೆ ಮತ್ತು ಪತಂಗಗಳ ಕಂಬಳಿಹುಳುಗಳಿಗೆ ಮೀಸಲು. ನೊಣದ ಮರಿಗಳಿಗೆ ಬೇಕಾದದ್ದು 1976ರಲ್ಲಿ ನೆಗೆವ್ ಮರುಭೂಮಿಯಲ್ಲಿ ಪತ್ತೆಯಾದ ಇಸ್ರೇಲೆನ್ಸಿಸ್ ಎಂಬ ಬಗೆ. ಸರಿಯಾದುದನ್ನು ತಂದ ಮೇಲೆ ಅದು ಕೆಲಸ ಮಾಡಿತು. ಆದರೆ ಮರಿಹುಳು ಅದನ್ನು ತಿಂದರೆ ಮಾತ್ರ ಸಾಯುತ್ತದೆ, ಬಲಿತ ಮರಿಗಳ ಮೇಲೆ ಪರಿಣಾಮ ಕಡಿಮೆ, ಜೊತೆಗೆ ಅದನ್ನು ಮತ್ತೆ ಮತ್ತೆ ಹಾಕುತ್ತಲೇ ಇರಬೇಕು. ವಾರವಾರವೂ ಪುಡಿ ಕದಡುವ ಶಿಸ್ತು ನನ್ನಲ್ಲಿ ಇಲ್ಲವಾದ್ದರಿಂದ ಜಂತುಹುಳುವಿನತ್ತ ತಿರುಗಿದೆ.

ಮೊದಲ ಪೊಟ್ಟಣ ಬಂದ ಸಂಜೆಯನ್ನು ನಾನು ಮರೆಯುವುದಿಲ್ಲ. ಜೇಡಿಯಂತಹ ತೇವದ ಪುಡಿಯಲ್ಲಿ ಜೀವವಿದೆ ಎಂದು ನಂಬುವುದೇ ಕಷ್ಟವಾಗಿತ್ತು. ಚಿಟಿಕೆ ಪುಡಿಯನ್ನು ತಣ್ಣೀರಿನ ಲೋಟದಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು, ಒಂದು ಹನಿಯನ್ನು ಕಪ್ಪು ತಟ್ಟೆಯ ಮೇಲೆ ಹಾಕಿ ಭೂತಗನ್ನಡಿ ಹಿಡಿದಾಗ ಆ ಹನಿಯೊಳಗೆಲ್ಲ ಬಿಳಿ ಎಳೆಗಳು ಬಳುಕುತ್ತಿದ್ದವು. ಒಂದೊಂದೂ 1 ಮಿಲಿಮೀಟರಿಗಿಂತ ಕಡಿಮೆ ಉದ್ದ. ಇವು ಮರಿಹುಳುವಿನ ಬಾಯಿಯ ಮೂಲಕವೋ ಉಸಿರಾಟದ ರಂಧ್ರಗಳ ಮೂಲಕವೋ ಒಳಹೊಕ್ಕು, ತಮ್ಮ ಕರುಳಿನಲ್ಲಿ ಹೊತ್ತು ತಂದ ಕ್ಸೀನೋರ್ಯಾಬ್ಡಸ್ ಎಂಬ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಡುತ್ತವೆ. ಮರಿಹುಳು ಒಂದೆರಡು ದಿನಗಳಲ್ಲಿ ಸಾಯುತ್ತದೆ. ಹುಳುವನ್ನು ಕೊಲ್ಲುವುದು ಆ ಬ್ಯಾಕ್ಟೀರಿಯಾ, ಜಂತುಹುಳು ಅದರ ವಾಹನ. ಆ ಹನಿಯನ್ನು ನಾನೂ ಮಕ್ಕಳೂ ಸರದಿಯಲ್ಲಿ ನೋಡಿದೆವು, ಸುರಿಯುವ ಕೆಲಸ ಒಂದು ಗಂಟೆ ತಡವಾಯಿತು. ತಡವಾದದ್ದೂ ಒಳ್ಳೆಯದೇ ಆಯಿತು, ಏಕೆಂದರೆ ಬಿಸಿಲು ಇವುಗಳಿಗೆ ಆಗದು. ಕುಂಡಗಳಿಗೆ ಮೊದಲು ಬರೀ ನೀರು ಹಾಕಿ ಮಣ್ಣನ್ನು ನೆನೆಸಿ, ನೀರುಣಿಸುವ ಕ್ಯಾನಿನ ಬಾಯಿಯ ಸಣ್ಣ ಜಾಲರಿಯನ್ನು ತೆಗೆದು, ಜಂತುಹುಳುಗಳು ತಳಕ್ಕೆ ಇಳಿಯದಂತೆ ಕೋಲಿನಿಂದ ಕದಡುತ್ತಲೇ ಒಂದೊಂದು ಕುಂಡಕ್ಕೂ ಹಾಕಬೇಕು.

ಮೊದಲ ವಾರ ಏನೂ ಬದಲಾಗಲಿಲ್ಲ. ಅಂಟು ಹಾಳೆಯಲ್ಲಿ ವಾರಕ್ಕೆ 40ರಷ್ಟು ನೊಣ ಬೀಳುತ್ತಿದ್ದದ್ದು ಆಗಲೂ ಅಷ್ಟೇ ಬಿದ್ದವು, ಏಕೆಂದರೆ ಆಗಲೇ ಕೋಶದೊಳಗಿದ್ದವು ನೊಣವಾಗಿ ಹೊರಬರುತ್ತಲೇ ಇದ್ದವು. ಮೂರನೆಯ ವಾರ 11, ಆರನೆಯ ವಾರ 2. ಎರಡು ವಾರದ ಅಂತರದಲ್ಲಿ ಎರಡು ಬಾರಿ ಹಾಕಿದ್ದೆ. ವಯಲೆಟ್‌ಗಳಲ್ಲಿ ಹೊಸ ಎಲೆಗಳು ಬಂದವು.

ಇಷ್ಟು ಮೆಚ್ಚಿದ ವಸ್ತುವಿನ ಮೇಲೆ ನನಗೆ ಸಿಟ್ಟು ಬಂದದ್ದು ಮೂರನೆಯ ಪೊಟ್ಟಣದಿಂದ. ಬಿರುಬೇಸಿಗೆಯಲ್ಲಿ ದಾರಿಯಲ್ಲೇ ನಾಲ್ಕು ದಿನ ಕಳೆದು ಬಂದ ಆ ಪೊಟ್ಟಣ ಮುಟ್ಟಿದರೆ ಬೆಚ್ಚಗಿತ್ತು. ಹನಿಯಲ್ಲಿ ಕಂಡವೆಲ್ಲ ಸೂಜಿಯಂತೆ ನೆಟ್ಟಗೆ, ಅಲುಗಾಡದೆ ಬಿದ್ದಿದ್ದವು. ನೋಡದೆ ಸುರಿದಿದ್ದರೆ ಹಾಕಿದ್ದೇನೆಂಬ ಸಮಾಧಾನದಲ್ಲಿ ಒಂದು ತಿಂಗಳು ಕಳೆದುಹೋಗುತ್ತಿತ್ತು. ಮಾರಿದವರು ಹಣ ಹಿಂದಿರುಗಿಸಲಿಲ್ಲ, ಅದು ಬೇರೆ ಮಾತು. ಜೀವಂತವಾಗಿದೆಯೇ ಎಂದು ಪರೀಕ್ಷಿಸುವ ವಿಧಾನವನ್ನು ಪೊಟ್ಟಣದ ಮೇಲೆ ಒಂದು ಸಾಲಿನಲ್ಲಾದರೂ ಬರೆದಿರಲಿಲ್ಲ ಎಂಬುದೇ ನನ್ನ ದೊಡ್ಡ ಆಕ್ಷೇಪ.

ಇದಕ್ಕಿಂತಲೂ ಕಾಡುವ ಕೊರತೆ ಪೊಟ್ಟಣದ ಗಾತ್ರ. ಚದರ ಮೀಟರಿಗೆ 5 ಲಕ್ಷದಂತೆ ಲೆಕ್ಕ ಹಾಕಿದರೆ 50 ಲಕ್ಷ ಜಂತುಹುಳು 10 ಚದರ ಮೀಟರಿಗೆ ಸಾಕು. ನನ್ನ ಕುಂಡಗಳ ಬಾಯಿ ಸರಾಸರಿ 15 ಸೆಂಟಿಮೀಟರ್ ಅಗಲ. 22 ಕುಂಡಗಳ ಮಣ್ಣಿನ ಮೇಲ್ಮೈಯೆಲ್ಲ ಸೇರಿ 0.4 ಚದರ ಮೀಟರ್ ಕೂಡ ಆಗುವುದಿಲ್ಲ. ಉಳಿದದ್ದನ್ನು ಬಹುಕಾಲ ಇಡಲೂ ಆಗದು, ಏಕೆಂದರೆ ಈ ಹಂತದ ಜಂತುಹುಳುಗಳು ಏನನ್ನೂ ತಿನ್ನದೆ ಮೈಯಲ್ಲಿರುವ ಕೊಬ್ಬಿನಿಂದಲೇ ಬದುಕಿರುತ್ತವೆ. ಫ್ರಿಜ್ಜಿನ ತಂಪಿನಲ್ಲಿ ಆ ಕೊಬ್ಬು ನಿಧಾನವಾಗಿ ಕರಗುತ್ತದೆ, ಆದರೆ ಕರಗುವುದು ನಿಲ್ಲುವುದಿಲ್ಲ. ಹೊಲ, ಹಸಿರುಮನೆಗಳ ಅಳತೆಗೆ ಕಟ್ಟಿದ ಪೊಟ್ಟಣಕ್ಕೆ ಕುಂಡ ಬೆಳೆಸುವವರು ಪೂರ್ತಿ ಬೆಲೆ ತೆತ್ತು, ಬಹುಪಾಲನ್ನು ಸಾಯಲು ಬಿಡಬೇಕಾಗಿರುವುದು ನ್ಯಾಯವಲ್ಲ. ನಾಲ್ಕನೆಯ ಪೊಟ್ಟಣದಿಂದ ನಾನು ಕಂಡುಕೊಂಡ ದಾರಿ ಇದು: ಗಿಡ ಬೆಳೆಸುವ ನಾಲ್ಕು ಮನೆಯವರು ಕೂಡಿ ತರಿಸುತ್ತೇವೆ, ಎರಡನೆಯ ಸರದಿಗೆ ಬೇಕಾದಷ್ಟನ್ನು ಪುಡಿಯಾಗಿಯೇ ಫ್ರಿಜ್ಜಿನಲ್ಲಿಟ್ಟು, ಉಳಿದದ್ದನ್ನು ಅದೇ ಸಂಜೆ ಹಂಚಿಕೊಂಡು ಹಾಕಿ ಮುಗಿಸುತ್ತೇವೆ. ನೀರಿಗೆ ಬೆರೆಸಿದ್ದನ್ನು ಮರುದಿನಕ್ಕೆ ಇಡುವಂತಿಲ್ಲ. ಖರ್ಚು ಕಾಲುಭಾಗಕ್ಕೆ ಇಳಿದ ಮೇಲೆ ನನ್ನ ಸಿಟ್ಟೂ ಇಳಿಯಿತು.

ಕೊಳ್ಳುವವರು ಇನ್ನೊಂದು ತೊಡಕನ್ನು ಮೊದಲೇ ಅರಿತಿರಬೇಕು. ಈ ನೊಣಗಳನ್ನು ದೂರವಿಡುವ ಅತ್ಯಂತ ಅಗ್ಗದ ಉಪಾಯವೆಂದರೆ ಮೇಲ್ಮಣ್ಣು ಒಣಗುವವರೆಗೆ ನೀರು ಹಾಕದಿರುವುದು. ಆದರೆ ಜಂತುಹುಳು ಹಾಕಿದ ಮೇಲೆ ಎರಡು ವಾರ ಅದೇ ಮಣ್ಣನ್ನು ತೇವವಾಗಿಡಬೇಕು, ಏಕೆಂದರೆ ಮಣ್ಣಿನ ಕಣಗಳ ನಡುವಿನ ತೆಳು ನೀರಿನಲ್ಲಿಯೇ ಅವು ಚಲಿಸುತ್ತವೆ. ಜರೀಗಿಡ ಇದನ್ನು ಸಂತೋಷದಿಂದ ಸಹಿಸಿತು, ದಪ್ಪ ದಂಟಿನ ಒಂದು ಬೆಗೋನಿಯಾ ಬುಡದಲ್ಲಿ ಕೊಳೆತುಹೋಯಿತು. ಕಳ್ಳಿಯಂತಹ ಗಿಡಗಳಿದ್ದವರು ಮಣ್ಣು ಒಣಗಿಸುವ ಉಪಾಯವನ್ನೇ ನೆಚ್ಚುವುದು ಲೇಸು. ನಾಲ್ಕೈದೇ ಕುಂಡಗಳಿರುವವರಿಗೂ ಈ ಪೊಟ್ಟಣ ಬೇಡ, ಇಸ್ರೇಲೆನ್ಸಿಸ್ ಪುಡಿಯೇ ಸಾಕು. ಅದು ತಿಂಗಳುಗಟ್ಟಲೆ ಡಬ್ಬದಲ್ಲಿ ಉಳಿಯುತ್ತದೆ.

ಕಳೆದ ತಿಂಗಳು ಹೊಸದೊಂದು ಜರೀಗಿಡ ತಂದೆ. ಅದನ್ನು ಬೇರೆ ಕೋಣೆಯ ಕಿಟಕಿಯಲ್ಲಿಟ್ಟು, ಉಳಿದವುಗಳ ಜೊತೆ ಸೇರಿಸುವ ಮೊದಲು ಎರಡು ಭಾನುವಾರ ಆಲೂಗಡ್ಡೆಯ ಬಿಲ್ಲೆ ಇಟ್ಟೆ. ಮೊದಲ ಬುಧವಾರ ಏನೂ ಇರಲಿಲ್ಲ. ಎರಡನೆಯ ಬುಧವಾರ ಬಿಲ್ಲೆಯ ಅಡಿಯಲ್ಲಿ 3 ಕಪ್ಪು ತಲೆಗಳಿದ್ದವು. ಆ ಕುಂಡ ಇನ್ನೂ ಅದೇ ಕಿಟಕಿಯಲ್ಲಿದೆ, ಆರನೆಯ ಪೊಟ್ಟಣಕ್ಕಾಗಿ ಉಳಿದ ಮೂರು ಮನೆಯವರನ್ನು ಕೇಳಿದ್ದೇನೆ.